ವೃತ್ತಪತ್ರಿಕಾ ವಿದ್ಯೆಗೆ ತಕ್ಕ ವಿದ್ಯಾಲಯ ಯಾವುದು?

(ವಾರ್ಷಿಕೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ವೈದ್ಯಶಿಕ್ಷಣದ ಬಗೆಗೆ ಒಬ್ಬರು, ಇಂಜಿನಿಯರಿಂಗಿನ ಬಗೆಗೆ ಇನ್ನೊಬ್ಬರು ಮಾತನಾಡುವುದೆಂದು ಗೊತ್ತಾದ ಮೇಲೆ, ಉಳಿದ ವೃತ್ತಪತ್ರಿಕಾ ವಿದ್ಯೆಯನ್ನು ಕನ್ನಡ ಪಂಡಿತರ ಪಾಲಿಗೆ ಬಿಡತಕ್ಕುದೆಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ಭಾಷೆಯ ಸೋಂಕು ಇರುವ ಕೆಲಸವೆಲ್ಲ ಪಂಡಿತರದು ಎಂಬುದು ನಮ್ಮ ಶಾಲೆಗಳ ಹಳೆಯ ಸಂಪ್ರದಾಯ. ಸ್ವಾಗತಪತ್ರವಾಗಲಿ, ಬಿನ್ನವತ್ತಳೆಯಾಗಲಿ, ನೆರೆಮನೆಯವರ ಮದುವೆಯ ಕರೆಯೋಲೆಯಾಗಲಿ, ಬರೆದುಕೊಡುವವರು ನಾವೇ. ಆದರೆ ಈ ಭಾರವನ್ನು ನಾವು ಸಂತೋಷದಿಂದಲೇ ಹೊತ್ತಿದ್ದೇವೆ. ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ತಂದೆಯೋ ತಾಯಿಯೋ ಮಗುವನ್ನು ಕರೆದುಕೊಂಡು ಬಂದು, "ಮಾಷ್ಟ್ರೇ, ಜರ್ನಲಿಸಂ ಕಲಿಯಲಿಕ್ಕೆ ಯಾವ ಯೂನಿವರ್ಸಿಟಿ ಒಳ್ಳೆಯದು?" ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಅವರು ಬಯಸುವುದು ಒಂದು ಹೆಸರನ್ನು. ಹೆಸರೊಂದನ್ನು ಹೇಳಿಬಿಟ್ಟರೆ ಬಸ್ಸು ಹತ್ತಿ ಹೋಗುವುದಕ್ಕೆ ಅವರು ಸಿದ್ಧರು. ಆದರೆ ವಿದ್ಯಾಲಯದ ಹೆಸರು ಹೇಳುವುದಕ್ಕೆ ಮೊದಲು ಅದನ್ನು ಅಳೆಯತಕ್ಕ ಕೋಲು ಯಾವುದೆಂದು ಗೊತ್ತಾಗಬೇಕಷ್ಟೆ. ಇಂದಿನ ನಮ್ಮ ಮಾತು ಮುಖ್ಯವಾಗಿ ಆ ಅಳತೆಗೋಲನ್ನು ಕುರಿತದ್ದು.

ಮೊದಲು ಒಂದು ಸಂಗತಿಯನ್ನು ಮರೆಯಬಾರದು. ಈ ವಿದ್ಯೆಗೆ ವಿಶ್ವವಿದ್ಯಾನಿಲಯದ ಆಸರೆ ದೊರೆತದ್ದು ತೀರ ಇತ್ತೀಚೆಗೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಇಲ್ಲಿಂದ ಹನ್ನೆರಡು ಹರದಾರಿ ಆಚೆಯ ಮಂಗಳೂರಿನಲ್ಲಿ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರು ವರ್ಷವೇ ಅದು 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಬಳ್ಳಾರಿಗೆ ಹೋಯಿತು. ಅಂದು ಪತ್ರಿಕೆ ನಡೆಸುವುದನ್ನು ಕಲಿಸುವ ಶಾಲೆ ಲೋಕದಲ್ಲಿ ಎಲ್ಲಿತ್ತು? ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ದಾಟದೆಯೇ 'ಕರ್ನಾಟಕ' ಪತ್ರಿಕೆಯನ್ನು ಆರಂಭಿಸಿದರು. ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಅಧ್ಯಾಪಕರಾಗಿದ್ದಂತೆಯೇ ಪತ್ರಕರ್ತರಾಗಿಯೂ ದುಡಿದವರು. ಇವರಾರ ಬಳಿಯಲ್ಲಿಯೂ ಜರ್ನಲಿಸಂನ ಪದವಿ ಇರಲಿಲ್ಲ. ಹಾಗಾದರೆ ಇಂದಿನ ಮಕ್ಕಳಿಗೆ ಏಕೆ ಬೇಕು ಎಂದು ಕೇಳಬಹುದು. ಅಂದಿನವರು ಅಚ್ಚುಕೂಟದಲ್ಲಿ ನಿಂತು, ಹಿರಿಯ ಸಂಪಾದಕರ ಗದರಿಕೆಯನ್ನು ತಿಂದು ಹತ್ತು ವರ್ಷಗಳಲ್ಲಿ ಕಲಿತುದನ್ನು ಇಂದು ಎರಡು ಮೂರು ವರ್ಷಗಳಲ್ಲಿ ಕಲಿಯಬೇಕಾಗಿದೆ. ಇಂದಿನ ಪತ್ರಿಕಾಲಯಗಳಲ್ಲಿ ಹೊಸಬನನ್ನು ಕೂರಿಸಿಕೊಂಡು ತಿದ್ದುವಷ್ಟು ವಿರಾಮ ಯಾರಿಗೂ ಇಲ್ಲ.

ವೃತ್ತಪತ್ರಿಕೆಯನ್ನು ವಿಶ್ವವಿದ್ಯಾನಿಲಯದ ವಿದ್ಯೆಯನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯವೆನಿಸಿದ್ದು ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾನಿಲಯ. ಅಲ್ಲಿನ ಪತ್ರಿಕಾ ವಿದ್ಯಾಲಯ 1908ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದರ ಮೊದಲ ಮುಖ್ಯಸ್ಥರಾದ ವಾಲ್ಟರ್ ವಿಲಿಯಮ್ಸರು ತಾವು ಕಾಲೇಜಿನ ಮುಖವನ್ನೇ ಕಂಡವರಲ್ಲ. ಒಂದು ಊರಿನ ಪತ್ರಿಕೆಯ ಸಂಪಾದಕರಾಗಿದ್ದವರು. ಅವರು ಮಾಡಿದ ಕೆಲಸ ಲಕ್ಷ್ಯವಿಟ್ಟು ಕೇಳತಕ್ಕುದು. ವಿದ್ಯಾಲಯದ ಬಾಗಿಲು ತೆರೆದ ದಿನದಂದೇ ವಿದ್ಯಾರ್ಥಿಗಳ ಕೈಯಿಂದ ಒಂದು ಪತ್ರಿಕೆ ಹೊರಬಿತ್ತು! ಅದು ತರಗತಿಯ ಗೋಡೆಗೆ ಅಂಟಿಸುವ ಹಾಳೆಯಲ್ಲ. ಊರಿನ ಜನ ಓದಬೇಕಾದ ಪತ್ರಿಕೆ. ತಪ್ಪು ಬರೆದರೆ ಮರುದಿನ ಊರಿನವರೇ ಬಂದು ಕೇಳುತ್ತಾರೆ. ಆ ಪತ್ರಿಕೆ ಹೆಸರನ್ನು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ.

ನ್ಯೂಯಾರ್ಕಿನ ಕೊಲಂಬಿಯ ವಿದ್ಯಾಲಯದ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರವಾದದ್ದು. ಅದಕ್ಕೆ ಧನವನ್ನಿತ್ತ ಜೋಸೆಫ್ ಪುಲಿಟ್ಜರರು ಹಂಗೆರಿಯಲ್ಲಿ ಹುಟ್ಟಿ, 1864ರಲ್ಲಿ ಬರಿಗೈಯಲ್ಲಿ ಅಮೆರಿಕಕ್ಕೆ ಬಂದವರು. ಅವರು ಮೊದಲು ವರದಿಗಾರರಾದದ್ದು ಇಂಗ್ಲಿಷ್ ಪತ್ರಿಕೆಯಲ್ಲಲ್ಲ. ಸೇಂಟ್ ಲೂಯಿ ಪಟ್ಟಣದಲ್ಲಿ ನೆಲೆಸಿದ್ದ ಜರ್ಮನ್ ಮಾತಿನ ಜನರು ತಮಗಾಗಿ ನಡೆಸುತ್ತಿದ್ದ ಪತ್ರಿಕೆಯಲ್ಲಿ. ಬೇರೆ ಭಾಷೆಯ ರಾಜ್ಯದಲ್ಲಿ ಬಾಳುವ ಅಲ್ಪಸಂಖ್ಯಾತರ ಪತ್ರಿಕೆಯಲ್ಲಿ ಕೈ ಪಳಗಿಸಿಕೊಂಡವರೇ ಮುಂದೆ ಆ ದೇಶದ ಪತ್ರಿಕಾಲೋಕವನ್ನು ಆಳಿದರು. ವಿದ್ಯಾಲಯ ತೆರೆದದ್ದು ಅವರು ತೀರಿಕೊಂಡ ಮರುವರ್ಷ, 1912ರಲ್ಲಿ. ನಮ್ಮ ನಾಡಿನಲ್ಲಿ ಮಿಸ್ಸೌರಿಯಲ್ಲಿ ಕಲಿತು ಬಂದ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿದರು. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಇಂದು ಕಾಣುವ ವಿಭಾಗಗಳಿಗೆಲ್ಲ ಅದು ತಾಯಿಬೇರು.

ಆದಕಾರಣ ನಮ್ಮ ಮೊದಲನೆಯ ಅಳತೆಗೋಲು ಇದು: ಆ ವಿಭಾಗದವರು ವಿದ್ಯಾರ್ಥಿಗಳಿಂದ ಒಂದು ಪತ್ರಿಕೆಯನ್ನು ನಡೆಸಿಸುತ್ತಾರೆಯೇ? ಪ್ರವೇಶಕ್ಕೆ ಮೊದಲು ಒಂದು ದಿನ ಅಲ್ಲಿಗೆ ಹೋಗಿ, ಕಳೆದ ಎರಡು ವರ್ಷಗಳ ಸಂಚಿಕೆಗಳನ್ನು ತೋರಿಸಿರೆಂದು ಕೇಳಬೇಕು. ವರ್ಷಕ್ಕೊಂದು ಸಂಚಿಕೆ, ಅದರಲ್ಲಿಯೂ ಪ್ರಾಂಶುಪಾಲರ ಸಂದೇಶ, ಮುಖ್ಯ ಅತಿಥಿಗಳ ಭಾವಚಿತ್ರ, ಕ್ರೀಡೋತ್ಸವದ ವರದಿ ಇಷ್ಟೇ ಇದ್ದರೆ ನಮಸ್ಕಾರ ಹೇಳಿ ಹಿಂದಿರುಗಬಹುದು. ಪಕ್ಕದ ಊರಿನ ಕುಡಿಯುವ ನೀರಿನ ಸಂಗತಿ, ಪಂಚಾಯತಿನ ಸಭೆ, ಬಸ್ಸು ನಿಲ್ದಾಣದ ಕೂಲಿಯಾಳುಗಳ ಪಾಡು ಇಂಥವು ವಿದ್ಯಾರ್ಥಿಗಳ ಹೆಸರಿನಲ್ಲಿ ಬಂದಿದ್ದರೆ ಅಲ್ಲಿ ವಿದ್ಯೆ ನಡೆಯುತ್ತಿದೆಯೆಂದು ತಿಳಿಯಬೇಕು. ಸಂಚಿಕೆ ಕಾಗದದಲ್ಲಿದೆಯೋ ಮೊಬೈಲಿನ ಪರದೆಯಲ್ಲಿದೆಯೋ ಎಂಬುದು ದೊಡ್ಡ ಮಾತಲ್ಲ. ಬರೆದುದನ್ನು ತಿದ್ದುವ ಗುರುಗಳಿದ್ದಾರೆಯೇ ಎಂಬುದು ದೊಡ್ಡ ಮಾತು. ಈ ಗುರುಗಳಲ್ಲಿ ಪತ್ರಿಕಾಲಯದಲ್ಲಿ ದುಡಿದು ಬಂದವರು ಎಷ್ಟು ಮಂದಿ, ಖಾಯಂ ಅಧ್ಯಾಪಕರು ಎಷ್ಟು, ವರ್ಷದಿಂದ ವರ್ಷಕ್ಕೆ ಬದಲಾಗುವ ಅತಿಥಿ ಉಪನ್ಯಾಸಕರು ಎಷ್ಟು ಎಂಬುದನ್ನೂ ಕೇಳಬೇಕು. ಕೇಳಲು ಸಂಕೋಚಪಡಬೇಕಾಗಿಲ್ಲ. ಹೆಣ್ಣು ಕೊಡುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕೇಳುತ್ತೇವೆ.

ಬಣ್ಣಬಣ್ಣದ ಪರಿಚಯ ಪತ್ರಿಕೆಗಳಲ್ಲಿ ಕೆಮರಾಗಳ, ಸ್ಟುಡಿಯೋಗಳ ಚಿತ್ರ ಬೇಕಾದಷ್ಟಿರುತ್ತದೆ. ಅವು ಬೇಡವೆಂದಲ್ಲ. ಬೀಗ ಹಾಕಿದ ಸ್ಟುಡಿಯೋವನ್ನು ನಾವು ಒಂದೆರಡು ಕಡೆ ನೋಡಿದ್ದೇವೆ. ಅದರ ಬೀಗದ ಕೈ ಇರುವವರು ಸದಾ ರಜೆಯಲ್ಲಿರುತ್ತಾರೆ. ತರಗತಿಗಳು ನಡೆಯುವ ದಿನವೇ ಹೋಗಿ ನೋಡಿದರೆ ಈ ಸತ್ಯಗಳೆಲ್ಲ ತಾವಾಗಿ ಹೊರಬೀಳುತ್ತವೆ.

ಇನ್ನು ಎರಡನೆಯ ಮಾತು. ಇದು ಗಡಿನಾಡಿನ ನಮಗೆ ಅತಿ ಮುಖ್ಯವಾದದ್ದು. ಸ್ವಲ್ಪ ವಿಸ್ತಾರವಾಗಿ ಹೇಳಲು ಸಭೆಯ ಅಪ್ಪಣೆಯನ್ನು ಬೇಡುತ್ತೇವೆ.

ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ ಕಥೆ ಇಲ್ಲಿರುವ ಎಲ್ಲರಿಗೂ ತಿಳಿದದ್ದೇ. ಎಣ್ಮಕಜೆಯ ಕಡೆಯಿಂದ ಬಂದವರು ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ನಾವು ಹೇಳಬೇಕಾದದ್ದೇನೂ ಇಲ್ಲ. ಆದರೆ ಆ ವಾರ್ತೆ ಹೊರಲೋಕವನ್ನು ಮುಟ್ಟಿದ ಬಗೆಯನ್ನು ಪತ್ರಿಕಾ ವಿದ್ಯೆಯ ಕಣ್ಣಿನಿಂದ ನೋಡಿದವರು ಕಡಮೆ. ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳನ್ನು ಕಂಡು, ಇದಕ್ಕೇನೋ ಕಾರಣವಿರಬೇಕೆಂದು ಪತ್ರಿಕೆಗೆ ಬರೆದವರು ಪಡ್ರೆ ಗ್ರಾಮದ ಶ್ರೀ ಪಡ್ರೆಯವರು; ಅದೂ 1980ರ ದಶಕದ ಆರಂಭದಲ್ಲಿಯೇ. ಮುಂದೆ 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯ ಮೂಲಕ ಕೃಷಿಕರ ಕೈಗೇ ಲೇಖನಿ ಕೊಟ್ಟವರಲ್ಲಿ ಅವರೊಬ್ಬರು. ವಾಣೀನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳ ವ್ಯಾಧಿಗಳಲ್ಲಿ ಅಸಹಜವಾದುದನ್ನು ಗುರುತಿಸಿ ಬರೆದರು. ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಮಲಯಾಳದ ಛಾಯಾಗ್ರಾಹಕ ಮಧುರಾಜರ ಚಿತ್ರಗಳು 'ಮಾತೃಭೂಮಿ'ಯಲ್ಲಿ ಬಂದ ಮೇಲೆ ತಿರುವನಂತಪುರ ಕಣ್ತೆರೆಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡಿತು.

ಮೊದಲ ಲೇಖನಕ್ಕೂ ನ್ಯಾಯಾಲಯದ ತಡೆಗೂ ನಡುವೆ ಸುಮಾರು ಮೂವತ್ತು ವರ್ಷಗಳು! ಈ ವಿಳಂಬಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಭಾಷೆಯೂ ಒಂದೆಂದು ನಾವು ನಂಬುತ್ತೇವೆ. ನೊಂದವರು ಮಾತನಾಡಿದ್ದು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ. ವಿಷದ ಗುಣಧರ್ಮವನ್ನು ವಿವರಿಸುವ ಕಾಗದಗಳಿದ್ದದ್ದು ಇಂಗ್ಲಿಷಿನಲ್ಲಿ. ತೀರ್ಮಾನ ಮಾಡಬೇಕಾದ ಕಚೇರಿಗಳು ನಡೆಯುವುದು ಮಲಯಾಳದಲ್ಲಿ. ಬೆಂಗಳೂರಿನ ಪತ್ರಿಕೆಗಳಿಗೆ ಕಾಸರಗೋಡು ಕೇರಳದ ಸಂಗತಿ. ಕೊಚ್ಚಿಯ ಪತ್ರಿಕೆಗಳಿಗೆ ಅದು ದೂರದ ಬಡಗಣ ಮೂಲೆ. 1956ರ ನವೆಂಬರ್ 1ರಿಂದ ಈಚೆಗೆ ನಾವು ಎರಡು ಅಂಗಳಗಳ ನಡುವಣ ಬೇಲಿಯ ಮೇಲೆ ಕುಳಿತವರು. ಒಬ್ಬ ಅಜ್ಜಿ ತುಳುವಿನಲ್ಲಿ ಹೇಳಿದುದನ್ನು ಕೇಳಿಕೊಂಡು, ಇಂಗ್ಲಿಷಿನ ವರದಿಯನ್ನು ಓದಿ ಅದರೊಡನೆ ತಾಳೆ ನೋಡಿ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಬಲ್ಲ ಹತ್ತು ಜನ ಯುವಕ ಯುವತಿಯರು ಅಂದು ಇದ್ದಿದ್ದರೆ ಎಂದು ಯೋಚಿಸಿದಾಗ ಹೊಟ್ಟೆ ಕಿವುಚುತ್ತದೆ. ಇಂದು ನಮ್ಮ ಶಾಲೆಗಳಲ್ಲಿ ಕುಳಿತಿರುವ ಮಕ್ಕಳು ಆ ಹತ್ತು ಜನವಾಗಬಲ್ಲರು. ಈ ವಿದ್ಯೆ ನಮಗೆ ಕೇವಲ ಉದ್ಯೋಗದ ಪ್ರಶ್ನೆಯಲ್ಲ ಎಂದು ನಾವು ಹೇಳುವುದು ಇದಕ್ಕಾಗಿ.

ಆದುದರಿಂದ ವಿದ್ಯಾಲಯವನ್ನು ಆರಿಸುವಾಗ, ಅಲ್ಲಿಗೆ ಹೋದ ಮಗುವಿನ ಯಾವ ಭಾಷೆ ಬೆಳೆಯುತ್ತದೆ, ಯಾವುದು ಬಾಡುತ್ತದೆ ಎಂಬುದನ್ನು ನೋಡಬೇಕು. ದೊಡ್ಡ ನಗರದ ಕೆಲವು ವಿದ್ಯಾಲಯಗಳಲ್ಲಿ ಇಂಗ್ಲಿಷಿನ ಹೊರತು ಬೇರೊಂದು ಭಾಷೆಯಲ್ಲಿ ವಾರ್ತೆ ಬರೆಯಿಸುವ ಪದ್ಧತಿಯೇ ಇಲ್ಲ. ಎರಡು ವರ್ಷ ಅಲ್ಲಿದ್ದು ಬಂದ ಹುಡುಗನ ಕನ್ನಡ ವಾಕ್ಯ ಊರುಗೋಲು ಹಿಡಿದು ನಡೆಯುತ್ತದೆ. ಕನ್ನಡದಲ್ಲಿ ವರದಿ, ಸಂಪಾದಕೀಯ, ಅನುವಾದ ಇವುಗಳಿಗೆ ಪ್ರತ್ಯೇಕ ಪಾಠವಿದೆಯೇ, ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಕೇಳಬೇಕು. ಅನುವಾದದ ಪಾಠವಂತೂ ಇರಲೇಬೇಕು. ಯಂತ್ರವೇ ಅನುವಾದ ಮಾಡುವ ಈ ದಿನಗಳಲ್ಲಿ ಅದೇಕೆ ಎಂದು ಕೆಲವರು ಹುಬ್ಬೇರಿಸುತ್ತಾರೆ. ಕುಂಬಳೆಯೆಂಬ ಊರಿನ ಹೆಸರನ್ನು ಕುಂಬಳಕಾಯಿಯನ್ನಾಗಿ ಮಾಡದಂತೆ ಯಂತ್ರವನ್ನು ಕಾಯುವುದಕ್ಕಾದರೂ ಒಬ್ಬ ಮನುಷ್ಯ ಬೇಕಷ್ಟೆ.

ಇದರೊಡನೆ ಮಲಯಾಳದ ಮಾತನ್ನೂ ಸ್ಪಷ್ಟವಾಗಿ ಹೇಳುತ್ತೇವೆ, ಕೆಲವರಿಗೆ ರುಚಿಸಲಿಕ್ಕಿಲ್ಲ. ಕನ್ನಡದ ಹಕ್ಕಿಗಾಗಿ ಹೋರಾಡುವುದು ಬೇರೆ, ಮಲಯಾಳವನ್ನು ಕಲಿಯದಿರುವುದು ಬೇರೆ. ನಮ್ಮ ರೇಶನ್ ಕಾರ್ಡು, ಭೂಮಿಯ ಕಾಗದ, ಪಂಚಾಯತಿನ ನಿರ್ಣಯ ಇವೆಲ್ಲ ಯಾವ ಭಾಷೆಯಲ್ಲಿ ಬರುತ್ತವೆಯೋ ಆ ಭಾಷೆಯನ್ನು ಓದಲಾರದವನು ನಮ್ಮ ಪರವಾಗಿ ಬರೆಯುವುದಾದರೂ ಏನನ್ನು? ಕನ್ನಡದಲ್ಲಿ ಉತ್ತರ ಪಡೆಯುವ ನಮ್ಮ ಹಕ್ಕು ಎಲ್ಲಿ ತಪ್ಪಿಹೋಯಿತೆಂದು ತೋರಿಸುವುದಕ್ಕೂ ಮಲಯಾಳ ಬಲ್ಲ ವರದಿಗಾರನೇ ಬೇಕು.

ಈಗ ಮಾರ್ಗಗಳ ವಿಚಾರ. ಹನ್ನೆರಡನೆಯ ತರಗತಿ ಮುಗಿಯುತ್ತಲೇ ಪತ್ರಿಕೋದ್ಯಮದ ಪದವಿಗೆ ಸೇರುವುದು ಒಂದು. ಮೊದಲು ಬೇರೊಂದು ವಿಷಯದಲ್ಲಿ ಪದವಿ ಪಡೆದು ಅನಂತರ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ ಮಾಡುವುದು ಇನ್ನೊಂದು. ನಮ್ಮ ಒಲವು ಎರಡನೆಯದರ ಕಡೆಗೆ. ಚರಿತ್ರೆ, ಅರ್ಥಶಾಸ್ತ್ರ, ಕೃಷಿ, ವಿಜ್ಞಾನ, ಕಾನೂನು, ಕನ್ನಡ ಸಾಹಿತ್ಯ ಇವುಗಳಲ್ಲಿ ಒಂದನ್ನು ಬೇರುಸಹಿತ ಬಲ್ಲವನಿಗೆ ವರದಿ ಬರೆಯುವ ಕ್ರಮವನ್ನು ಕಲಿಸುವುದು ಕಷ್ಟವಲ್ಲ. ಕ್ರಮ ಮಾತ್ರ ಕಲಿತು ವಿಷಯವೊಂದನ್ನೂ ಅರಿಯದವನು ಆಯವ್ಯಯ ಪತ್ರವನ್ನು ಕೈಯಲ್ಲಿ ಹಿಡಿದರೆ ಮಂತ್ರಿಗಳು ಹೇಳಿದುದನ್ನೇ ಬರೆದುಕೊಂಡು ಬರುತ್ತಾನೆ. ಕೊಲಂಬಿಯ ವಿದ್ಯಾಲಯವೂ 1935ರಿಂದ ಪದವೀಧರರನ್ನೇ ತೆಗೆದುಕೊಳ್ಳತೊಡಗಿತು. ನಮ್ಮ ಕಾಸರಗೋಡು ಸರಕಾರಿ ಕಾಲೇಜಿನಲ್ಲಿಯೇ ಮನೆಯಿಂದ ಹೋಗಿಬರುತ್ತ ಒಳ್ಳೆಯದೊಂದು ಪದವಿ ಪಡೆಯಬಹುದು. ಮೂರು ವರ್ಷದ ಹಾಸ್ಟೆಲಿನ ಖರ್ಚೂ ಉಳಿಯುತ್ತದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿಕ್ರಮ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವನ್ನೂ ಇಟ್ಟಿದ್ದಾರೆ. ಕರ್ನಾಟಕವು ಅದೇ ವರ್ಷ ಮತ್ತೆ ಮೂರು ವರ್ಷದ ಕ್ರಮಕ್ಕೆ ಹಿಂದಿರುಗಿತು. ಗಡಿ ದಾಟಿ ಓದುವವರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಸ್ಥಳಗಳ ಹೆಸರನ್ನು ಹೇಳದಿದ್ದರೆ ತಾವು ನಮ್ಮನ್ನು ಬಿಡಲಾರಿರಿ. ಹತ್ತಿರದಲ್ಲಿಯೇ, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಕೊಣಾಜೆಯ ಗುಡ್ಡದ ಮೇಲಿದೆ. ತಲಪಾಡಿಯ ಗಡಿಯಿಂದ ದೂರವಲ್ಲ. ಅಲ್ಲಿ ಸ್ನಾತಕೋತ್ತರ ವಿಭಾಗವಿದೆ. ಉಜಿರೆ, ಮೂಡುಬಿದಿರೆ, ಪುತ್ತೂರುಗಳ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಕಲಿಸುತ್ತಾರೆ. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಮಣಿಪಾಲದಲ್ಲಿಯೂ ಸಂವಹನ ವಿದ್ಯಾಲಯವಿದೆ. ಅದರ ಶುಲ್ಕವನ್ನು ಮೊದಲು ವಿಚಾರಿಸಿ, ಆಮೇಲೆ ಮಗುವಿಗೆ ಆಸೆ ಹುಟ್ಟಿಸತಕ್ಕುದು. ಮೈಸೂರಿನ ಮಾನಸಗಂಗೋತ್ರಿಗೆ ಹಿರಿತನದ ಗೌರವ ಸಲ್ಲುತ್ತದೆ. ಈ ಕಡೆ ನೋಡಿದರೆ ಕಣ್ಣೂರು ವಿಶ್ವವಿದ್ಯಾನಿಲಯದ ಮಾಂಙಾಟುಪರಂಬ, ಕಲ್ಲಿಕೋಟೆ ವಿಶ್ವವಿದ್ಯಾನಿಲಯ, ಕಾಕ್ಕನಾಡಿನ ಕೇರಳ ಮಾಧ್ಯಮ ಅಕಾಡೆಮಿ ಇವೆ. ದೆಹಲಿಯಲ್ಲಿ 1965ರಲ್ಲಿ ಆರಂಭವಾದ ಭಾರತೀಯ ಜನಸಂವಹನ ಸಂಸ್ಥೆಯ ಶಾಖೆಯೊಂದು ಕೋಟ್ಟಯದಲ್ಲಿ ಉಂಟು. ಚೆನ್ನೈಯ ಏಶಿಯನ್ ಕಾಲೇಜ್ ಆಫ್ ಜರ್ನಲಿಸಂ ಒಂದು ವರ್ಷದಲ್ಲಿ ಕಟ್ಟುನಿಟ್ಟಾಗಿ ಕೈಗೆಲಸ ಕಲಿಸುತ್ತದೆಂದು ಹೆಸರು ಪಡೆದಿದೆ. ಶುಲ್ಕ ದೊಡ್ಡದು, ಆದರೆ ಶಿಷ್ಯವೇತನಗಳೂ ಇವೆ. ಇವುಗಳಲ್ಲಿ ಯಾವುದು ಮೇಲು ಎಂದು ನಾವು ಪಟ್ಟಿ ಮಾಡುವುದಿಲ್ಲ. ಮುಖ್ಯಸ್ಥರೊಬ್ಬರು ನಿವೃತ್ತರಾದರೆ ಎರಡೇ ವರ್ಷದಲ್ಲಿ ವಿಭಾಗದ ಬಣ್ಣ ಬದಲಾಗುತ್ತದೆ.

ಕೊನೆಯದು ಕಾಗದಪತ್ರಗಳ ವಿಚಾರ. ಪದವಿಗೂ ಡಿಪ್ಲೊಮಕ್ಕೂ ವ್ಯತ್ಯಾಸವಿದೆ. ಹೆಸರುವಾಸಿಯಾದ ಸಂಸ್ಥೆಯ ಡಿಪ್ಲೊಮ ಪತ್ರಿಕಾಲಯದ ಬಾಗಿಲನ್ನು ತೆರೆಯಬಹುದು. ಮುಂದೆ ಕಾಲೇಜಿನಲ್ಲಿ ಅಧ್ಯಾಪಕರಾಗಬೇಕೆಂದರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯೇ ಬೇಕು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ದೂರದ ನಗರವೊಂದರ ಸಂಸ್ಥೆಗೆ, ತಂದೆ ಅಡಕೆ ಮಾರಿ ಕೂಡಿಟ್ಟ ಹಣವನ್ನು ಸುರಿದು ಸೇರಿದನು. ವರ್ಷ ಕಳೆದ ಮೇಲೆ ಅವನಿಗೆ ದೊರೆತ ಪ್ರಮಾಣಪತ್ರದಲ್ಲಿ ಚಿನ್ನದ ಬಣ್ಣದ ಮುದ್ರೆಯಿತ್ತು. ಯಾವ ವಿಶ್ವವಿದ್ಯಾನಿಲಯದ ಹೆಸರೂ ಇರಲಿಲ್ಲ. 1956ರ ಕಾಯಿದೆಯಂತೆ ನಡೆಯುವ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಂಗೀಕೃತ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಎರಡನ್ನೂ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ನ್ಯಾಕ್ ಎಂಬ ಮಂಡಳಿ ಕೊಡುವ ದರ್ಜೆಯನ್ನೂ ನೋಡಬಹುದು. ಆದರೆ ಆ ದರ್ಜೆ ಇಡೀ ಸಂಸ್ಥೆಗೆ ಸಲ್ಲುವುದೇ ಹೊರತು ನಿಮ್ಮ ಮಗು ಕುಳಿತುಕೊಳ್ಳುವ ಆ ಒಂದು ವಿಭಾಗಕ್ಕಲ್ಲ.

ಗಡಿಯಾಚೆ ಹೋಗುವ ಮಕ್ಕಳನ್ನು ಅರ್ಜಿಯಲ್ಲಿ ಹೊರರಾಜ್ಯದವರೆಂದು ಬರೆಯಿಸಿ ಹೆಚ್ಚಿನ ಶುಲ್ಕ ಕೇಳುವುದುಂಟು. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯಲ್ಲಿ ಕರ್ನಾಟಕ ಸರಕಾರವು ಗಡಿನಾಡ ಕನ್ನಡಿಗರೆಂಬ ವರ್ಗವನ್ನು ಅಂಗೀಕರಿಸಿದೆ. ಕನ್ನಡ, ತುಳು, ಕೊಡವ ಮಾತೃಭಾಷೆಯ ನಮ್ಮ ಕಡೆಯ ಮಕ್ಕಳು ಅದರಲ್ಲಿ ಸೇರುತ್ತಾರೆ. ಪತ್ರಿಕೋದ್ಯಮದ ಪ್ರವೇಶ ಆ ಪರೀಕ್ಷೆಯ ಮೂಲಕ ನಡೆಯುವುದಲ್ಲ. ಆಯಾ ವಿಶ್ವವಿದ್ಯಾನಿಲಯದ ನಿಯಮವೇ ಬೇರೆ. ಆದಕಾರಣ ಗಡಿನಾಡಿನವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಏನು ಅವಕಾಶವಿದೆಯೆಂದು ಕಚೇರಿಯಲ್ಲಿ ಬಾಯಿಮಾತಿನಿಂದ ಕೇಳಿದರೆ ಸಾಲದು, ಬರಹದಲ್ಲಿಯೇ ಕೇಳಿ ಬರಹದಲ್ಲಿಯೇ ಉತ್ತರ ಪಡೆಯಬೇಕು. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಹೋಗುವವರು 2022ರಲ್ಲಿ ಬಂದ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಅದರ ಅರ್ಜಿಯ ಕಾಲ ಫಲಿತಾಂಶಕ್ಕೆ ಬಹಳ ಮೊದಲೇ ಮುಗಿದುಹೋಗುತ್ತದೆ.

ಮಾತೃಭಾಷೆಯ ದೃಢೀಕರಣ, ವಾಸ್ತವ್ಯದ ಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ ಬಗೆಗೆ ಮುಖ್ಯೋಪಾಧ್ಯಾಯರ ಪತ್ರ, ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ ಇವಿಷ್ಟನ್ನು ಮೇ ತಿಂಗಳೊಳಗೆ ಸಿದ್ಧಮಾಡಿ ಇಟ್ಟುಕೊಳ್ಳಿರಿ. ಶಾಲೆಯಿಂದ ಬರಬೇಕಾದ ಪತ್ರಗಳನ್ನು ನಾವು ರಜಾದಿನಗಳಲ್ಲಿಯೂ ಬರೆದುಕೊಡುತ್ತೇವೆ. ಅರ್ಜಿಯ ಜೊತೆಯಲ್ಲಿ, ವಿದ್ಯಾರ್ಥಿ ತನ್ನ ಊರಿನ ಯಾವುದಾದರೊಂದು ಸಂಗತಿಯನ್ನು ವಿಚಾರಿಸಿ ಎರಡು ಪುಟದಷ್ಟು ಬರೆದ ವರದಿಯೊಂದನ್ನು ತಂದು ನಮಗೆ ತೋರಿಸಲಿ; ಕೆಂಪು ಶಾಯಿಯನ್ನು ನಾವು ತೆಗೆದಿರಿಸಿದ್ದೇವೆ.